ನೀರಿನ ಸಡಿಲ ಕೊಂಡಿ

ಮಲೆನಾಡಿನ ಅಡಿಕೆ ತೋಟಗಳಲ್ಲಿ ಬಾವಿಯ ದಡದ ಮೇಲೆ ಮೋಟಾರು ಕೂರಿಸುವವರಿಗೆಲ್ಲ ಒಂದು ಲೆಕ್ಕ ಗೊತ್ತಿರುತ್ತದೆ. ನೀರಿನ ಮಟ್ಟ ಮೋಟಾರಿನಿಂದ ಸುಮಾರು 25 ಅಡಿಗಿಂತ ಕೆಳಕ್ಕೆ ಇಳಿಯಿತೆಂದರೆ ಪಂಪು ನೀರೆಳೆಯುವುದಿಲ್ಲ. ಫುಟ್‌ವಾಲ್ವ್ ಬದಲಿಸಿದರೂ, ಹೆಚ್ಚು ಅಶ್ವಶಕ್ತಿಯ ಮೋಟಾರು ತಂದರೂ ಪ್ರಯೋಜನವಿಲ್ಲ; ಮೋಟಾರನ್ನೇ ಬಾವಿಯೊಳಗೆ ಇಳಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿದ್ದು ಕೆಳಗಿನಿಂದ ಮೇಲಕ್ಕೆ ತಳ್ಳುವ ಸಬ್‌ಮರ್ಸಿಬಲ್ ಹಾಕಿಸಬೇಕು. ಇದು ಪಂಪಿನ ದೋಷವಲ್ಲ. ದಡದ ಮೇಲಿನ ಪಂಪು ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುತ್ತದೆ ಅಷ್ಟೆ. ನೀರನ್ನು ನಿಜವಾಗಿ ಮೇಲಕ್ಕೆ ತಳ್ಳುವುದು ಬಾವಿಯ ನೀರಿನ ಮೇಲೆ ಕುಳಿತಿರುವ ವಾಯುಮಂಡಲದ ಒತ್ತಡ. ಕೊಳವೆಯೊಳಗೆ ಪೂರ್ಣ ನಿರ್ವಾತವೇ ಉಂಟಾದರೂ ಆ ಒತ್ತಡ ಸಮುದ್ರಮಟ್ಟದಲ್ಲಿ 10.3 ಮೀಟರ್, ಅಂದರೆ ಸುಮಾರು 34 ಅಡಿ ಎತ್ತರದ ನೀರಿನ ಕಂಬವನ್ನಷ್ಟೇ ಎತ್ತಿ ಹಿಡಿಯಬಲ್ಲದು. ಈ ಮಿತಿಯ ಕಾರಣವನ್ನು 1640ರ ದಶಕದಲ್ಲಿ ಇಟಲಿಯ ಟೊರಿಚೆಲ್ಲಿ ತಿಳಿಯಪಡಿಸಿದ.

ಅದೇ ಬಾವಿಯ ಪಕ್ಕದಲ್ಲಿ ನಿಂತಿರುವ ಅಡಿಕೆ ಮರ ಐವತ್ತು ಅರವತ್ತು ಅಡಿ ಎತ್ತರದ ತನ್ನ ಸುಳಿಗೆ ದಿನವೂ ನೀರೇರಿಸುತ್ತದೆ. ಅದಕ್ಕೆ ಮೋಟಾರಿಲ್ಲ, ನಮ್ಮ ಹೃದಯದಂತೆ ಬಡಿಯುವ ಅಂಗವೂ ಇಲ್ಲ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳಲ್ಲಿ ಅತಿ ಎತ್ತರದ್ದು 115 ಮೀಟರನ್ನೂ ಮೀರಿದೆ, ಅದರ ತುದಿಯ ಎಲೆಯೂ ಹಸಿರಾಗಿಯೇ ಇದೆ. ಹಾಗಾದರೆ ಪಂಪಿಗೆ ಅಡ್ಡಬರುವ ಮಿತಿ ಮರಕ್ಕೆ ಏಕೆ ಅಡ್ಡಬರುವುದಿಲ್ಲ? ಈ ಪ್ರಶ್ನೆಯ ಉತ್ತರ ಮರದಲ್ಲಿರುವುದಕ್ಕಿಂತ ಹೆಚ್ಚಾಗಿ ನೀರಿನಲ್ಲಿದೆ. ಅದನ್ನು ಹಿಡಿದು ಹೊರಟರೆ ಬೆವರು, ಮಳೆಗಾಲ, ಮಂಜುಗಡ್ಡೆಯ ಕೆಳಗಿನ ಮೀನು, ಎಳೆಗೂಸಿನ ಉಸಿರು ಎಲ್ಲವೂ ಒಂದೇ ಮೂಲಕ್ಕೆ ಬಂದು ಸೇರುತ್ತವೆ.

ನೀರನ್ನು ನಾವು ಪಂಚಭೂತಗಳಲ್ಲಿ ಒಂದೆಂದೆವು, ಗ್ರೀಕರು ನಾಲ್ಕು ಮೂಲವಸ್ತುಗಳಲ್ಲಿ ಒಂದೆಂದರು. ಅದು ಮೂಲವಸ್ತುವಲ್ಲ, ಎರಡು ಅನಿಲಗಳ ಸಂಯುಕ್ತ ಎಂಬುದು ಖಚಿತವಾದದ್ದು 18ನೆಯ ಶತಮಾನದ ಕೊನೆಯಲ್ಲಿ. ಇಂಗ್ಲೆಂಡಿನಲ್ಲಿ ಹೆನ್ರಿ ಕ್ಯಾವೆಂಡಿಶ್ ಹೊತ್ತಿಕೊಳ್ಳುವ ಗಾಳಿಯೊಂದನ್ನು ಉರಿಸಿ ನೀರು ಪಡೆದ. ಫ್ರಾನ್ಸಿನ ಲಾವೋಸಿಯೆ 1783ರಲ್ಲಿ ಅದರ ಅರ್ಥವನ್ನು ಬಿಡಿಸಿ ಹೇಳಿದ. 1800ರಲ್ಲಿ ನಿಕೋಲ್ಸನ್ ಮತ್ತು ಕಾರ್ಲೈಲ್ ವಿದ್ಯುತ್ ಹಾಯಿಸಿ ನೀರನ್ನು ಮತ್ತೆ ಜಲಜನಕ, ಆಮ್ಲಜನಕಗಳಾಗಿ ಒಡೆದು ತೋರಿಸಿದರು. ಒಂದು ಆಮ್ಲಜನಕ, ಎರಡು ಜಲಜನಕ ಎಂಬ ಸೂತ್ರ ಶಾಲೆಗೆ ಹೋದವರಿಗೆಲ್ಲ ಬಾಯಿಪಾಠ. ಆದರೆ ಸೂತ್ರ ಮುಚ್ಚಿಡುವ ಮುಖ್ಯ ವಿಷಯವೊಂದಿದೆ. ಆ ಮೂರು ಪರಮಾಣುಗಳು ಒಂದೇ ಸಾಲಿನಲ್ಲಿ ನಿಂತಿಲ್ಲ. ಆಮ್ಲಜನಕವನ್ನು ನಡುವಿಗಿಟ್ಟುಕೊಂಡು ಎರಡು ಜಲಜನಕಗಳು ಸುಮಾರು 104.5 ಡಿಗ್ರಿ ಕೋನದಲ್ಲಿ, ಬಾಗಿದ ತೋಳುಗಳಂತೆ ಚಾಚಿಕೊಂಡಿವೆ. ಆಮ್ಲಜನಕ ಇಲೆಕ್ಟ್ರಾನುಗಳ ವಿಷಯದಲ್ಲಿ ಜಿಪುಣ; ಪಾಲುಗಾರಿಕೆಯ ಇಲೆಕ್ಟ್ರಾನುಗಳನ್ನು ತನ್ನತ್ತಲೇ ಎಳೆದುಕೊಳ್ಳುವುದರಿಂದ ಅದರ ಕಡೆ ತುಸು ಋಣ ಆವೇಶ, ಜಲಜನಕಗಳ ಕಡೆ ತುಸು ಧನ ಆವೇಶ ಉಳಿಯುತ್ತದೆ. ಮೂರೂ ನೇರ ಸಾಲಿನಲ್ಲಿದ್ದಿದ್ದರೆ ಎರಡು ಕಡೆಯ ಎಳೆತ ಒಂದನ್ನೊಂದು ರದ್ದುಮಾಡುತ್ತಿತ್ತು. ಬಾಗಿರುವುದರಿಂದ ಪ್ರತಿ ಅಣುವೂ ಎರಡು ತುದಿಗಳುಳ್ಳ ಪುಟ್ಟ ಆಯಸ್ಕಾಂತದಂತೆ ವರ್ತಿಸುತ್ತದೆ, ಮತ್ತು ಒಂದು ಅಣುವಿನ ಜಲಜನಕ ಪಕ್ಕದ ಅಣುವಿನ ಆಮ್ಲಜನಕಕ್ಕೆ ಆತುಕೊಳ್ಳುತ್ತದೆ.

ಹೀಗೆ ಆತುಕೊಳ್ಳುವುದಕ್ಕೆ ಹೈಡ್ರೋಜನ್ ಬಂಧ ಎಂದು ಹೆಸರು. ಈ ಲೇಖನದಲ್ಲಿ ಮುಂದೆ ಬರುವುದೆಲ್ಲ ಈ ಬಂಧದ ಕಥೆಯೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಅಣುವಿನೊಳಗೆ ಆಮ್ಲಜನಕವನ್ನೂ ಜಲಜನಕವನ್ನೂ ಕಟ್ಟಿರುವ ಬಂಧಕ್ಕೆ ಹೋಲಿಸಿದರೆ ಹೈಡ್ರೋಜನ್ ಬಂಧದ ಬಲ ಹೆಚ್ಚುಕಡಿಮೆ ಇಪ್ಪತ್ತರಲ್ಲೊಂದು ಪಾಲು. ದ್ರವರೂಪದ ನೀರಿನಲ್ಲಿ ಇಂಥ ಒಂದೊಂದು ಬಂಧದ ಆಯಸ್ಸು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗದ ಆಸುಪಾಸು. ಒಂದು ಬಿಟ್ಟ ಮರುಕ್ಷಣವೇ ಇನ್ನೊಂದು ಹಿಡಿದುಕೊಳ್ಳುತ್ತದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಕೈಹಿಡಿದು ಸಾಗುವವರು ಕೈ ಬದಲಿಸುತ್ತಲೇ ಇದ್ದರೂ ಗುಂಪು ಮಾತ್ರ ಚದುರದಂತೆ, ನೀರು ಹರಿಯುತ್ತಲೂ ಇರುತ್ತದೆ, ಒಗ್ಗಟ್ಟಾಗಿಯೂ ಇರುತ್ತದೆ. (ನೀರಿಗೆ ನೆನಪಿದೆ, ನಮ್ಮ ಯಂತ್ರದಿಂದ ನೀರಿನ ರಚನೆಯನ್ನೇ ಬದಲಿಸಿ ಆರೋಗ್ಯಕರವಾಗಿಸುತ್ತೇವೆ ಎಂದು ಮಾರಾಟಕ್ಕೆ ಬರುವವರು ಈ ಆಯಸ್ಸಿನ ಲೆಕ್ಕವನ್ನು ಹೇಳುವುದಿಲ್ಲ. ಯಂತ್ರದಿಂದ ಲೋಟಕ್ಕೆ ಬೀಳುವಷ್ಟರಲ್ಲಿ ಯಾವ ರಚನೆಯೂ ಉಳಿದಿರುವುದಿಲ್ಲ.)

ಈ ಬಂಧ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವ ಕಷ್ಟವೂ ನಮಗಿಲ್ಲ, ನೀರಿನ ದಾಯಾದಿಯೊಂದು ಕಣ್ಣೆದುರಿಗೇ ಇದೆ. ಆಮ್ಲಜನಕದ ಜಾಗದಲ್ಲಿ ಅದೇ ಕುಟುಂಬದ ಗಂಧಕವನ್ನಿಟ್ಟರೆ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದು. ಅದರ ಅಣು ನೀರಿನ ಅಣುವಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ, ಆದ್ದರಿಂದ ಕುದಿಯಲು ಹೆಚ್ಚು ಶಾಖ ಬೇಕಾಗಬೇಕಿತ್ತು. ಆದರೆ ಅದು ಮೈನಸ್ 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಅನಿಲವಾಗುತ್ತದೆ, ಹಗುರವಾದ ನೀರು 100 ಡಿಗ್ರಿಯವರೆಗೂ ದ್ರವವಾಗಿಯೇ ಉಳಿಯುತ್ತದೆ. ಕುಟುಂಬದ ಉಳಿದವರ ಜಾಡಿನಲ್ಲೇ ನೀರು ನಡೆದಿದ್ದರೆ ಭೂಮಿಯ ಮೇಲೆ ಹೊಳೆ, ಕೆರೆ, ಕಡಲು ಯಾವುದೂ ಇರುತ್ತಿರಲಿಲ್ಲ.

ಈಗ ಅಡಿಕೆ ಮರಕ್ಕೆ ಮರಳಬಹುದು. ಮರದೊಳಗೆ ಬೇರಿನಿಂದ ಎಲೆಯವರೆಗೆ ಕೂದಲಿನಷ್ಟು ಸಪೂರವಾದ ನೀರ್ಗೊಳವೆಗಳಿವೆ, ಅವುಗಳಲ್ಲಿ ನೀರಿನ ಎಳೆ ಎಲ್ಲಿಯೂ ತುಂಡಾಗದೆ ನಿಂತಿರುತ್ತದೆ. ಬಿಸಿಲಿಗೆ ಎಲೆಯ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗಿ ಹೋದಂತೆ, ಎಲೆಯ ಕೋಶಭಿತ್ತಿಗಳ ಸಂದಿಗಳಲ್ಲಿ ಉಳಿದ ನೀರಿನ ಮೇಲ್ಮೈ ಒಳಕ್ಕೆ ಬಾಗಿ, ಹಿಂದಿನ ಅಣುಗಳನ್ನು ಎಳೆಯುತ್ತದೆ. ಆ ಅಣುಗಳು ತಮ್ಮ ಹಿಂದಿನವನ್ನು ಎಳೆಯುತ್ತವೆ. ಹೀಗೆ ಎಲೆಯ ತುದಿಯಲ್ಲಿ ಹುಟ್ಟಿದ ಎಳೆತ ಹಗ್ಗದ ಮೂಲಕ ಸಾಗಿದಂತೆ ಬೇರಿನವರೆಗೂ ತಲಪುತ್ತದೆ. ಕೊಳವೆಯ ಗೋಡೆಗೂ ನೀರು ಅಂಟಿಕೊಳ್ಳುವುದರಿಂದ ಎಳೆ ಸುಲಭಕ್ಕೆ ಗೋಡೆ ಬಿಟ್ಟು ಕಿತ್ತುಬರುವುದಿಲ್ಲ. ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಈ ವಿವರಣೆಯನ್ನು ಮುಂದಿಟ್ಟಾಗ ದ್ರವವನ್ನು ಹಗ್ಗದಂತೆ ಎಳೆಯಬಹುದು ಎಂಬುದನ್ನು ಒಪ್ಪುವುದು ಹಲವರಿಗೆ ಕಷ್ಟವಾಯಿತು. 1965ರಲ್ಲಿ ಷೋಲಾಂಡರ್ ಮತ್ತು ಸಂಗಡಿಗರು ಕೊಯ್ದ ಕೊಂಬೆಯನ್ನು ಒತ್ತಡದ ಪೆಟ್ಟಿಗೆಯಲ್ಲಿಟ್ಟು, ಎಷ್ಟು ಒತ್ತಿದರೆ ಕೊಯ್ದ ಬಾಯಲ್ಲಿ ರಸ ಮತ್ತೆ ಕಾಣಿಸಿಕೊಳ್ಳುತ್ತದೆ ಎಂಬುದರಿಂದ ಈ ಎಳೆತವನ್ನು ಅಳೆದರು. ಅದು ವಾಯುಮಂಡಲದ ಒತ್ತಡದ ಹತ್ತಾರು ಪಟ್ಟು ಇತ್ತು. ಪಂಪು ಗಾಳಿಯ ಒತ್ತಡವನ್ನು ನೆಚ್ಚಿಕೊಂಡಿದೆ, ಮರ ನೀರಿನ ಒಗ್ಗಟ್ಟನ್ನು ನೆಚ್ಚಿಕೊಂಡಿದೆ. 34 ಅಡಿಯ ಮಿತಿ ಮರಕ್ಕೆ ಅನ್ವಯಿಸದಿರುವುದು ಇದರಿಂದ. ಈ ವ್ಯವಸ್ಥೆಗೂ ಅಪಾಯವಿಲ್ಲದಿಲ್ಲ. ಬರಗಾಲದಲ್ಲಿ ಬೇರಿಗೆ ನೀರು ಸಿಗದೆ ಎಳೆತ ವಿಪರೀತವಾದಾಗ ಕೊಳವೆಯೊಳಗೆ ಗಾಳಿಗುಳ್ಳೆ ಹುಟ್ಟಿ ನೀರಿನ ಎಳೆ ಪಟ್ಟನೆ ತುಂಡಾಗುತ್ತದೆ. ಆ ಸದ್ದು ನಮ್ಮ ಕಿವಿಗೆ ಕೇಳಿಸದಿದ್ದರೂ ಶ್ರವಣಾತೀತ ಮೈಕುಗಳಿಗೆ ಕೇಳಿಸುತ್ತದೆ. ಸಾಕಷ್ಟು ಕೊಳವೆಗಳು ಹೀಗೆ ಗಾಳಿ ಹಿಡಿದವೆಂದರೆ, ಆಮೇಲೆ ಎಷ್ಟೇ ನೀರು ಹಾಯಿಸಿದರೂ ಮರ ಚೇತರಿಸಿಕೊಳ್ಳದೆ ಹೋಗಬಹುದು.

ಕೈಹಿಡಿದ ಅಣುಗಳನ್ನು ಬಿಡಿಸಲು ಖರ್ಚಾಗುತ್ತದೆ ಎಂಬುದರ ಇನ್ನೊಂದು ಮುಖ ಶಾಖ. ಬಚ್ಚಲುಮನೆಯ ತಾಮ್ರದ ಹಂಡೆಯನ್ನು ನೆನೆಯಿರಿ: ಒಲೆ ಹಚ್ಚಿ ಎಷ್ಟು ಹೊತ್ತಾದರೂ ನೀರು ಉಗುರುಬೆಚ್ಚಗೇ ಇರುತ್ತದೆ, ಆದರೆ ಹಂಡೆಯ ಕಂಠ ಮುಟ್ಟಿದರೆ ಕೈ ಸುಡುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆ ಸೌಟಿನ ಎಣ್ಣೆ ನೋಡನೋಡುತ್ತಿದ್ದಂತೆ ಕಾಯುತ್ತದೆ. ಪಕ್ಕದ ಒಲೆಯ ಸಾರು ತನ್ನ ಪಾಡಿಗೆ ತಾನಿರುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು 4.18 ಜೂಲ್ ಬೇಕು, ಅಡುಗೆ ಎಣ್ಣೆಗೆ ಅದರ ಅರ್ಧ ಸಾಕು, ಕಬ್ಬಿಣಕ್ಕೆ ಒಂಬತ್ತರಲ್ಲೊಂದು ಪಾಲು. ಕೊಟ್ಟ ಶಾಖದ ಬಹುಪಾಲು ಅಣುಗಳ ನಡುವಿನ ಕೊಂಡಿಗಳನ್ನು ಸಡಿಲಿಸುವುದಕ್ಕೇ ಹೋಗುವುದರಿಂದ ನೀರು ನಿಧಾನವಾಗಿ ಕಾಯುತ್ತದೆ, ಅಷ್ಟೇ ನಿಧಾನವಾಗಿ ಆರುತ್ತದೆ.

ಮನುಷ್ಯದೇಹದ ತೂಕದಲ್ಲಿ ಸುಮಾರು ಶೇಕಡ 60ರಷ್ಟು ನೀರೇ ಇರುವುದರಿಂದ ದೇಹವೂ ಒಂದು ಹಂಡೆಯೇ. ಓಡಿದರೆ, ಗುದ್ದಲಿ ಹಿಡಿದರೆ ಹುಟ್ಟುವ ಶಾಖ ಮೈಯ ಉಷ್ಣತೆಯನ್ನು ತಟ್ಟನೆ ಏರಿಸಲಾರದು. ಆದರೂ ಶಾಖ ಹೊರಹೋಗಬೇಕಲ್ಲ, ಅದಕ್ಕೆ ಬೆವರು. ಚರ್ಮದ ಮೇಲೆ ಒಂದು ಗ್ರಾಂ ಬೆವರು ಆರುವಾಗ ಸುಮಾರು 2400 ಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿತೆಂದರೆ, 65 ಕಿಲೋ ತೂಕದವರ ಮೈಯನ್ನು ಹತ್ತು ಡಿಗ್ರಿ ಬಿಸಿಯೇರಿಸಬಹುದಾಗಿದ್ದ ಶಾಖ ಗಾಳಿಗೆ ಹೋಯಿತೆಂದು ಲೆಕ್ಕ. ಮಡಕೆಯ ನೀರು ತಣ್ಣಗಿರುವುದೂ ಇದರಿಂದಲೇ; ಜಿನುಗಿದ ಹನಿ ಆರುತ್ತಾ ಒಳಗಿನ ನೀರಿನ ಬಿಸಿಯನ್ನು ಕದಿಯುತ್ತದೆ. ಇದೇ ವ್ಯವಹಾರ ತಿರುವುಮುರುವಾದಾಗ ಇಡ್ಲಿ ಬೇಯುತ್ತದೆ. ಹಬೆ ತಣ್ಣನೆಯ ಹಿಟ್ಟಿಗೆ ತಾಗಿ ಮತ್ತೆ ನೀರಾಗುವಾಗ ತಾನು ಆವಿಯಾಗಲು ಪಡೆದಿದ್ದ ಶಾಖವನ್ನೆಲ್ಲ, ಗ್ರಾಮಿಗೆ 2260 ಜೂಲಿನಂತೆ, ಅಲ್ಲಿಯೇ ಸುರಿಯುತ್ತದೆ. ಕುದಿನೀರು ಬಿದ್ದ ಗಾಯಕ್ಕಿಂತ ಹಬೆ ಹೊಡೆದ ಗಾಯ ಆಳವಾಗುವುದಕ್ಕೂ ಕಾರಣ ಅದೇ.

ಆದರೆ ಬೆವರು ಬಂದರಾಯಿತೆಂದಲ್ಲ, ಅದು ಆರಬೇಕು. ಬೇಸಿಗೆಯಲ್ಲಿ ಕಲಬುರಗಿಯ ಉಷ್ಣತೆ 40 ಡಿಗ್ರಿ ದಾಟುವುದು ಮಾಮೂಲು. ಮಂಗಳೂರಿನದ್ದು ಅದಕ್ಕಿಂತ ಹಲವು ಡಿಗ್ರಿ ಕಡಿಮೆಯೇ, ಏಕೆಂದರೆ ಪಕ್ಕದಲ್ಲೇ ಅರಬ್ಬಿ ಸಮುದ್ರವೆಂಬ ದೈತ್ಯ ಹಂಡೆಯಿದೆ. ಹಾಗಿದ್ದೂ ಮಂಗಳೂರಿಗೆ ಹೋದ ಬಯಲುಸೀಮೆಯವರು ಸೆಕೆ ತಡೆಯಲಾರದೆ ಒದ್ದಾಡುತ್ತಾರೆ. ತೇವ ತುಂಬಿದ ಗಾಳಿ ಬೆವರನ್ನು ಹೀರಿಕೊಳ್ಳುವುದಿಲ್ಲ, ಬೆವರು ಮೈಮೇಲೆ ಹರಿದು ವ್ಯರ್ಥವಾಗುತ್ತದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ 35 ಡಿಗ್ರಿ ತೋರಿಸುವ ಗಾಳಿಯಲ್ಲಿ ಆರೋಗ್ಯವಂತರೂ ನೆರಳಿನಲ್ಲಿ ಸುಮ್ಮನೆ ಕುಳಿತೇ ಕೆಲವು ಗಂಟೆಗಳಲ್ಲಿ ಪ್ರಾಣ ಕಳೆದುಕೊಳ್ಳಬಹುದು. ನೆಲ ಬೇಗ ಕಾದು ಕಡಲು ನಿಧಾನವಾಗಿ ಕಾಯುವ ಈ ವ್ಯತ್ಯಾಸವೇ ಮುಂಗಾರು ಗಾಳಿಯನ್ನು ಕರಾವಳಿಯತ್ತ ಎಳೆಯುವ ಮುಖ್ಯ ಕಾರಣಗಳಲ್ಲೊಂದು. ಭೂಮಿಯ ತಾಪ ಏರುತ್ತಿರುವುದರಿಂದ ಹೆಚ್ಚಾದ ಶಾಖದಲ್ಲಿ ಶೇಕಡ 90ರಷ್ಟನ್ನು ಸಮುದ್ರಗಳೇ ನುಂಗಿಕೊಂಡಿವೆ ಎಂಬುದನ್ನೂ ಇಲ್ಲಿಯೇ ಸೇರಿಸಬೇಕು. ನೀರಿನ ಈ ಸಹನೆ ಇಲ್ಲದಿದ್ದರೆ ನಾವು ಈಗ ಕಾಣುತ್ತಿರುವ ಬಿಸಿ ಏನೂ ಅಲ್ಲವೆನಿಸುತ್ತಿತ್ತು.

ತಣಿಸುವಾಗ ನೀರು ಇನ್ನೂ ವಿಚಿತ್ರ. ಬಹುತೇಕ ವಸ್ತುಗಳು ತಣ್ಣಗಾದಷ್ಟೂ ಕುಗ್ಗಿ ಸಾಂದ್ರವಾಗುತ್ತವೆ, ಘನವಾದಾಗ ತಮ್ಮದೇ ದ್ರವದಲ್ಲಿ ಮುಳುಗುತ್ತವೆ. ನೀರು 4 ಡಿಗ್ರಿಯವರೆಗೆ ಆ ನಿಯಮ ಪಾಲಿಸಿ, ಅಲ್ಲಿಂದ ಮುಂದೆ ಹಿಗ್ಗಲು ತೊಡಗುತ್ತದೆ. ಗಡ್ಡೆಕಟ್ಟಿದಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹೆಚ್ಚಾಗುತ್ತದೆ. ದ್ರವದಲ್ಲಿ ಕೈ ಬದಲಿಸುತ್ತಾ ಒಬ್ಬರ ಮೇಲೊಬ್ಬರು ಬೀಳುವಂತಿದ್ದ ಅಣುಗಳು ಮಂಜುಗಡ್ಡೆಯಲ್ಲಿ ತಲಾ ನಾಲ್ಕು ನೆರೆಯವರನ್ನು ಕೈಚಾಚಿ ಹಿಡಿದು, ಷಟ್ಕೋನದ ಜಾಲವಾಗಿ ನಿಲ್ಲುತ್ತವೆ; ಆ ಜಾಲದ ನಡುವೆ ಖಾಲಿ ಜಾಗ ಹೆಚ್ಚು. ಅದರಿಂದಲೇ ಐಸ್ ತೇಲುತ್ತದೆ, ಫ್ರೀಜರಿನಲ್ಲಿ ಮರೆತ ಗಾಜಿನ ಬಾಟಲಿ ಒಡೆಯುತ್ತದೆ.

ಕಾಶ್ಮೀರದ ದಾಲ್ ಸರೋವರ ಚಳಿ ಬಲವಾದ ವರ್ಷಗಳಲ್ಲಿ ಹೆಪ್ಪುಗಟ್ಟುವುದುಂಟು. ಚಳಿಗಾಲ ಬಂದಂತೆ ಮೇಲಿನ ನೀರು ತಣಿದು, ಭಾರವಾಗಿ, ಕೆಳಗಿಳಿಯುತ್ತದೆ. ಇಡೀ ಸರೋವರ 4 ಡಿಗ್ರಿಗೆ ಬಂದ ಮೇಲೆ ಆಟ ಬದಲಾಗುತ್ತದೆ: ಇನ್ನೂ ತಣಿದ ನೀರು ಹಗುರವಾದ್ದರಿಂದ ಮೇಲೆಯೇ ಉಳಿದು ಅಲ್ಲಿಯೇ ಗಡ್ಡೆಕಟ್ಟುತ್ತದೆ, ಆ ಗಡ್ಡೆಯೇ ಕಂಬಳಿಯಂತೆ ಕೆಳಗಿನ ನೀರನ್ನು ಚಳಿಯಿಂದ ಕಾಯುತ್ತದೆ. ಮಂಜುಗಡ್ಡೆ ಮುಳುಗುವಂತಿದ್ದರೆ ಶೀತದೇಶಗಳ ಕೆರೆಗಳು ತಳದಿಂದ ತುಂಬುತ್ತಾ ಬಂದು ಬಂಡೆಯಾಗುತ್ತಿದ್ದವು, ಬೇಸಿಗೆಯ ಬಿಸಿಲು ಅವುಗಳ ತಳವನ್ನು ಮುಟ್ಟುವುದೂ ಕಷ್ಟವಾಗುತ್ತಿತ್ತು.

ಹಾಗೆಂದು ಈ ಗುಣವನ್ನು ಬರೀ ವರವೆಂದು ಕೊಂಡಾಡುವುದು ಸರಿಯಲ್ಲ. ಕೆರೆಯನ್ನು ಕಾಯುವ ಹಿಗ್ಗುವಿಕೆ ಜೀವಕೋಶವನ್ನು ಕೊಲ್ಲುತ್ತದೆ. ಟೊಮೆಟೊವನ್ನು ಫ್ರೀಜರಿನಲ್ಲಿಟ್ಟು ಮರುದಿನ ಹೊರತೆಗೆದರೆ ಕರಗಿದ ಮೇಲೆ ಅದು ಮುದ್ದೆಯಾಗುತ್ತದೆ. ಒಳಗಿನ ನೀರಿನ ಹರಳುಗಳು ಕೋಶಗಳನ್ನು ಹರಿದುಹಾಕಿರುತ್ತವೆ. ಅಂಟಾರ್ಕ್ಟಿಕದ ಸಮುದ್ರನೀರು ಉಪ್ಪಿನ ದೆಸೆಯಿಂದ ಮೈನಸ್ 1.9 ಡಿಗ್ರಿಯವರೆಗೂ ದ್ರವವಾಗಿಯೇ ಇರುತ್ತದೆ. ಆ ಚಳಿಯಲ್ಲಿ ರಕ್ತ ಹೆಪ್ಪುಗಟ್ಟಬೇಕಾಗಿದ್ದ ಮೀನುಗಳು ಅಲ್ಲಿ ಆರಾಮವಾಗಿ ಈಜುತ್ತವೆ. ಹುಟ್ಟುತ್ತಿರುವ ಐಸ್ ಹರಳಿಗೆ ಅಂಟಿಕೊಂಡು ಅದು ಬೆಳೆಯದಂತೆ ತಡೆಯುವ ಪ್ರೋಟೀನುಗಳು ಅವುಗಳ ರಕ್ತದಲ್ಲಿವೆ ಎಂಬುದನ್ನು 1960ರ ದಶಕದಲ್ಲಿ ಆರ್ಥರ್ ಡಿವ್ರೀಸ್ ಕಂಡುಹಿಡಿದರು. ಜೀವಿಗಳು ನೀರಿನ ಗುಣಗಳನ್ನು ಬಳಸಿಕೊಂಡಷ್ಟೇ ಅವುಗಳೊಡನೆ ಸೆಣಸಿಯೂ ಬದುಕಿವೆ.

ಕರಗಿಸುವ ಗುಣದಲ್ಲಿಯೂ ಇದೇ ಎರಡು ಮುಖ. ಅಡುಗೆ ಉಪ್ಪಿನ ಹರಳಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ವಿರುದ್ಧ ಆವೇಶಗಳಿಂದ ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಉಪ್ಪನ್ನು ಬಾಣಲೆಯಲ್ಲಿ ಎಷ್ಟು ಹುರಿದರೂ ಅದು ಕರಗದು, ಅದಕ್ಕೆ 801 ಡಿಗ್ರಿ ಬೇಕು. ಅದೇ ಉಪ್ಪು ಲೋಟದ ನೀರಿನಲ್ಲಿ ಚಮಚ ಆಡಿಸುವಷ್ಟರಲ್ಲಿ ಕಾಣೆಯಾಗುತ್ತದೆ. ನೀರಿನ ಅಣುಗಳು ಋಣತುದಿಯನ್ನು ಸೋಡಿಯಮ್ಮಿನ ಕಡೆಗೂ ಧನತುದಿಯನ್ನು ಕ್ಲೋರೈಡಿನ ಕಡೆಗೂ ತಿರುಗಿಸಿ, ಒಂದೊಂದು ಅಯಾನನ್ನೂ ಸುತ್ತುವರಿದು ಬೇರ್ಪಡಿಸುತ್ತವೆ. ಎರಡು ಆವೇಶಗಳ ನಡುವಿನ ಸೆಳೆತ ನಿರ್ವಾತದಲ್ಲಿ ಇರುವುದಕ್ಕಿಂತ ನೀರಿನಲ್ಲಿ ಸುಮಾರು 80 ಪಟ್ಟು ಕಡಿಮೆ. ನಮ್ಮ ನರಗಳು ಸುದ್ದಿ ಸಾಗಿಸುವುದು, ಹೃದಯ ಮಿಡಿಯುವುದು ಹೀಗೆ ಬಿಡಿಬಿಡಿಯಾಗಿ ಓಡಾಡುವ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳಿಂದ. ಸಕ್ಕರೆಯನ್ನು, ಅಮೈನೋ ಆಮ್ಲಗಳನ್ನು, ಯೂರಿಯಾವನ್ನು ಕರಗಿಸಿಕೊಂಡು ಹೊತ್ತೊಯ್ಯುವ ರಕ್ತದ್ರವದಲ್ಲಿ ಶೇಕಡ 90ಕ್ಕೂ ಹೆಚ್ಚು ನೀರು.

ಕರಗಿಸುವುದಕ್ಕೆ ನೀರು ಒಳ್ಳೆಯದು ಕೆಟ್ಟದ್ದೆಂದು ಆರಿಸುವುದಿಲ್ಲ. 250 ಕೋಟಿ ವರ್ಷಗಳಿಗೂ ಹಿಂದೆ ಕಡಲಿನಲ್ಲಿ ಕರಗಿದ್ದ ಕಬ್ಬಿಣವೇ ತಳಕ್ಕಿಳಿದು ಇಂದಿನ ಸಂಡೂರಿನ, ಬಾಬಾಬುಡನ್ ಗಿರಿಯ ಪಟ್ಟೆಪಟ್ಟೆ ಅದಿರಾಯಿತು. ಅದರಿಂದ ನಾಡಿಗೆ ಲಾಭವಾಯಿತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಆಳದ ಕೊಳವೆಬಾವಿಗಳಲ್ಲಿ ಅದೇ ಗುಣ ಶಾಪವಾಗಿದೆ. ಗ್ರಾನೈಟ್ ಬಂಡೆಗಳ ಬಿರುಕಿನಲ್ಲಿ ದೀರ್ಘಕಾಲ ನಿಂತ ನೀರು ಶಿಲೆಯ ಖನಿಜಗಳಿಂದ ಫ್ಲೋರೈಡನ್ನು ಬಿಡಿಸಿಕೊಳ್ಳುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮಿನೊಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ, ಪಾವಗಡದಂಥ ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಈ ಮಿತಿ ಮೀರಿ, ಮಕ್ಕಳ ಹಲ್ಲು ಕಂದಾಗಿ, ದೊಡ್ಡವರ ಮೂಳೆ ಬಾಗಿರುವುದನ್ನು ಕಾಣಬಹುದು. ಕುದಿಸಿದರೆ ಶುದ್ಧವಾಗುತ್ತದೆಂಬ ನಂಬಿಕೆ ಇಲ್ಲಿ ತಿರುಗುಬಾಣ. ಕುದಿಸಿದಾಗ ಹೋಗುವುದು ನೀರು ಮಾತ್ರ, ಉಳಿದ ನೀರಿನಲ್ಲಿ ಫ್ಲೋರೈಡಿನ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ.

ನೀರು ಕರಗಿಸಲಾರದ ವಸ್ತುಗಳು ಜೀವಕ್ಕೆ ಕರಗುವ ವಸ್ತುಗಳಷ್ಟೇ ಮುಖ್ಯ ಎಂಬುದು ಈ ವಿಷಯದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಅಂಶ. ಎಣ್ಣೆಯ ಅಣುವಿಗೆ ಋಣ ಧನ ಎಂಬ ತುದಿಗಳಿಲ್ಲದ್ದರಿಂದ ನೀರಿಗೆ ಹಿಡಿದುಕೊಳ್ಳಲು ಕೈ ಸಿಗುವುದಿಲ್ಲ. ಎಣ್ಣೆಯ ಸುತ್ತ ನಿಲ್ಲಬೇಕಾದ ನೀರಿನ ಅಣುಗಳಿಗೆ ಕೈ ಬದಲಿಸುವ ಸ್ವಾತಂತ್ರ್ಯ ಕಡಿಮೆಯಾಗುತ್ತದೆ. ಆ ಇಕ್ಕಟ್ಟನ್ನು ತಗ್ಗಿಸಲು ನೀರು ಎಣ್ಣೆಯ ಹನಿಗಳನ್ನೆಲ್ಲ ಒತ್ತಟ್ಟಿಗೆ ದೂಡುತ್ತದೆ. ಎಣ್ಣೆಗೂ ನೀರಿಗೂ ಹಗೆಯಿರುವಂತೆ ತೋರುವುದು ನೀರಿನ ಅಣುಗಳಿಗೆ ತಮ್ಮತಮ್ಮಲ್ಲೇ ಇರುವ ಒಲವಿನಿಂದ. ಜಗಳಗಂಟರನ್ನು ಎಣ್ಣೆ ಸೀಗೆಕಾಯಿ ಎನ್ನುವ ನಮ್ಮ ಮಾತನ್ನು ರಸಾಯನಶಾಸ್ತ್ರ ಒಪ್ಪುವುದಿಲ್ಲ. ಸೀಗೆಕಾಯಿಯಲ್ಲಿರುವ ಸಪೋನಿನ್ ಅಣುವಿನ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುತ್ತದೆ; ಎಣ್ಣೆಯೊಡನೆ ಅದಕ್ಕಿರುವ ಸಲಿಗೆಯಿಂದಲೇ ತಲೆಯ ಜಿಡ್ಡು ನೀರಿನೊಡನೆ ಹರಿದುಹೋಗುತ್ತದೆ.

ನಮ್ಮ ಪ್ರತಿ ಜೀವಕೋಶದ ಹೊರಪೊರೆ ಕಟ್ಟಿರುವುದು ಇಂಥದೇ ಎರಡು ಮುಖದ ಫಾಸ್ಫೊಲಿಪಿಡ್ ಅಣುಗಳಿಂದ. ನೀರಿನಲ್ಲಿ ಬಿಟ್ಟರೆ ಅವು ಯಾರ ಅಪ್ಪಣೆಯೂ ಇಲ್ಲದೆ ಎಣ್ಣೆಯ ಗುಣದ ಬಾಲಗಳನ್ನು ಒಳಗೆ ಬಚ್ಚಿಟ್ಟು, ನೀರು ಹಿಡಿಯುವ ತಲೆಗಳನ್ನು ನೀರಿಗೆ ಒಡ್ಡಿ, ಎರಡು ಪದರದ ಹಾಳೆಯಾಗಿ ನಿಲ್ಲುತ್ತವೆ. ಪ್ರೋಟೀನಿನ ಉದ್ದನೆಯ ಸರ ತನ್ನ ಜಿಡ್ಡು ಭಾಗಗಳನ್ನು ಒಳಕ್ಕೆ ಮಡಿಚಿಕೊಂಡು ನಿಶ್ಚಿತ ಆಕಾರ ತಾಳುವುದೂ, ಡಿಎನ್‌ಎಯ ಎರಡು ಎಳೆಗಳು ತಮ್ಮ ಅಕ್ಷರಗಳಂತಿರುವ ಪ್ರತ್ಯಾಮ್ಲಗಳನ್ನು ಒಳಗಿಟ್ಟು ಫಾಸ್ಫೇಟಿನ ಬೆನ್ನನ್ನು ನೀರಿಗೆ ಒಡ್ಡುವುದೂ ಬಹುಮಟ್ಟಿಗೆ ನೀರಿನ ಒತ್ತಾಯದಿಂದ. ಆ ಎರಡು ಎಳೆಗಳನ್ನು ಅಡ್ಡಡ್ಡಲಾಗಿ ಜೋಡಿಸಿರುವುದೂ ಹೈಡ್ರೋಜನ್ ಬಂಧಗಳೇ. ಅವು ಗಟ್ಟಿಯಾಗಿದ್ದರೆ ಕೋಶ ತನ್ನ ಡಿಎನ್‌ಎಯನ್ನು ತೆರೆದು ಓದಲಾಗುತ್ತಿರಲಿಲ್ಲ, ತೀರ ಸಡಿಲವಾಗಿದ್ದರೆ ಓದಲು ಏನೂ ಉಳಿಯುತ್ತಿರಲಿಲ್ಲ.

ಮೇಲ್ಮೈ ಎಳೆತವೆಂದರೆ ನೀರಿನ ಮೇಲೆ ಓಡಾಡುವ ಕೀಟ, ಕೆಸುವಿನ ಎಲೆಯ ಮೇಲಿನ ಮುತ್ತಿನಂಥ ಹನಿ ಎಂದು ಪಠ್ಯಪುಸ್ತಕಗಳು ಹೇಳಿ ಮುಗಿಸುತ್ತವೆ. ನಮ್ಮ ಶ್ವಾಸಕೋಶದಲ್ಲಿ ಅದು ಪ್ರಾಣಾಂತಿಕ. ಕೋಟ್ಯಂತರ ಗಾಳಿಚೀಲಗಳ ಒಳಗೋಡೆಗೆ ತೆಳುವಾದ ನೀರಿನ ಲೇಪವಿದೆ. ಉಸಿರು ಬಿಟ್ಟಾಗಲೆಲ್ಲ ಅದರ ಮೇಲ್ಮೈ ಎಳೆತ ಚೀಲವನ್ನು ಮುದುಡಿಸಲು ನೋಡುತ್ತದೆ. ಅದನ್ನು ತಗ್ಗಿಸಲು ಶ್ವಾಸಕೋಶವೇ ಸಾಬೂನಿನ ಗುಣದ ದ್ರವ್ಯವನ್ನು ಸ್ರವಿಸುತ್ತದೆ, ಆದರೆ ಗರ್ಭದಲ್ಲಿ ಅದು ಸಾಕಷ್ಟು ತಯಾರಾಗುವುದು ಕೊನೆಯ ವಾರಗಳಲ್ಲಿ. ದಿನ ತುಂಬದೆ ಹುಟ್ಟಿದ ಮಕ್ಕಳು ಪ್ರತಿ ಉಸಿರಿಗೂ ಹೊಸ ಬಲೂನು ಊದುವಷ್ಟು ಕಷ್ಟಪಟ್ಟು ಬಳಲಿ ಸಾಯುತ್ತಿದ್ದುದಕ್ಕೆ ಆ ದ್ರವ್ಯದ ಕೊರತೆಯೇ ಕಾರಣವೆಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿದರು. ಇಂದು ನವಜಾತ ಶಿಶುಗಳ ಐಸಿಯುಗಳಲ್ಲಿ ಸರ್ಫ್ಯಾಕ್ಟೆಂಟ್ ಎಂಬ ಈ ದ್ರವ್ಯವನ್ನು ನೇರವಾಗಿ ಮಗುವಿನ ಶ್ವಾಸನಾಳಕ್ಕೆ ಹಾಕಿ ಉಳಿಸಿಕೊಳ್ಳುತ್ತಾರೆ.

ಉಸಿರಿನ ಮಾತು ಬಂದದ್ದರಿಂದ ಆಮ್ಲಜನಕದ ಬಗ್ಗೆ ಎರಡು ಮಾತು. ಎಣ್ಣೆಯಂತೆ ಆಮ್ಲಜನಕದ ಅಣುವಿಗೂ ತುದಿಗಳಿಲ್ಲ, ಆದ್ದರಿಂದ ನೀರು ಅದನ್ನು ಅಲ್ಪಸ್ವಲ್ಪ ಮಾತ್ರ ಕರಗಿಸಿಕೊಳ್ಳುತ್ತದೆ: 0 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 14.6 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಅದರ ಅರ್ಧ. ಒಂದು ಲೀಟರ್ ಗಾಳಿಯಲ್ಲಿ 270 ಮಿಲಿಗ್ರಾಮಿನಷ್ಟಿರುತ್ತದೆ. ಹೀಗಾಗಿ ಬೇಸಿಗೆಯ ಕೆರೆಯಲ್ಲಿ ಮೀನು ಯಾವಾಗಲೂ ಅಂಚಿನಲ್ಲೇ ಬದುಕುತ್ತಿರುತ್ತದೆ, ಚರಂಡಿ ನೀರು ಸೇರಿ ಬ್ಯಾಕ್ಟೀರಿಯಾಗಳು ಉಳಿದ ಆಮ್ಲಜನಕವನ್ನೂ ಬಳಸಿಕೊಂಡರೆ ಮುಗಿಯಿತು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ಅನೇಕರು ನೆನಪಿಟ್ಟುಕೊಂಡಿರಬಹುದು. ಇನ್ನು, ನಾವು ಉಸಿರಾಡುವ ಆಮ್ಲಜನಕ ಬಂದದ್ದಾದರೂ ನೀರಿನಿಂದಲೇ. ಸಸ್ಯಗಳು ಹೊರಬಿಡುವ ಆಮ್ಲಜನಕದ ಮೂಲ ಇಂಗಾಲದ ಡೈಆಕ್ಸೈಡ್ ಅಲ್ಲ, ಬಿಸಿಲಿನ ಬಲದಿಂದ ಒಡೆದ ನೀರು ಎಂಬುದನ್ನು 1941ರಲ್ಲಿ ರೂಬೆನ್, ಕಾಮೆನ್ ಮತ್ತು ಸಂಗಡಿಗರು ಭಾರವಾದ ಆಮ್ಲಜನಕವನ್ನು ಗುರುತಾಗಿ ಬಳಸಿ ತೋರಿಸಿದರು. ಆ ಬಿಸಿಲು ನೀರೊಳಗೆ ಇಳಿಯಬಲ್ಲದೆಂಬುದೂ ಸಣ್ಣ ಸಂಗತಿಯಲ್ಲ. ನೀರು ಅವಗೆಂಪು ಕಿರಣಗಳನ್ನು ಮೇಲ್ಪದರದಲ್ಲೇ ನುಂಗಿದರೂ ಕಣ್ಣಿಗೆ ಕಾಣುವ ಬೆಳಕಿಗೆ, ಅದರಲ್ಲೂ ನೀಲಿಗೆ, ದಾರಿ ಬಿಡುತ್ತದೆ.

ಕೊನೆಯದಾಗಿ, ಈ ಬಂಧ ಒಂದಿಷ್ಟು ಬಿಗಿಯಾದರೆ ಏನಾದೀತು ಎಂಬ ಪ್ರಶ್ನೆ. ಅದಕ್ಕೆ ಪ್ರಯೋಗದ ಉತ್ತರವೇ ಇದೆ. ಉತ್ತರ ಕನ್ನಡದ ಕೈಗಾದ ಪರಮಾಣು ರಿಯಾಕ್ಟರುಗಳಲ್ಲಿ ಬಳಸುವ ಭಾರಜಲದಲ್ಲಿ ಸಾಮಾನ್ಯ ಜಲಜನಕದ ಬದಲು ಎರಡು ಪಟ್ಟು ತೂಕದ ಡ್ಯೂಟೀರಿಯಂ ಇರುತ್ತದೆ. ಪ್ರಕೃತಿಯ ಎಲ್ಲ ನೀರಿನಲ್ಲೂ ಸುಮಾರು 6400 ಜಲಜನಕಗಳಲ್ಲಿ ಒಂದು ಡ್ಯೂಟೀರಿಯಮ್ಮೇ, ಅದರಿಂದ ತೊಂದರೆಯಿಲ್ಲ. ಭಾರಜಲದ ಅಣುವಿನ ಆಕಾರ ನೀರಿನದ್ದೇ, ಆವೇಶಗಳೂ ಅವೇ. ನೋಡಿದರೆ ಗುರುತು ಹಿಡಿಯಲಾಗದು. ಅದರ ಹೈಡ್ರೋಜನ್ ಬಂಧ ಮಾತ್ರ ಕೂದಲೆಳೆಯಷ್ಟು ಗಟ್ಟಿ. ಆದ್ದರಿಂದ ಅದು 3.8 ಡಿಗ್ರಿಯಲ್ಲೇ ಗಡ್ಡೆಕಟ್ಟುತ್ತದೆ, 101.4 ಡಿಗ್ರಿಯಲ್ಲಿ ಕುದಿಯುತ್ತದೆ, ಅದರ ಐಸ್ ತುಂಡು ಹೆಚ್ಚಿನ ತೂಕದಿಂದಾಗಿ ಸಾಮಾನ್ಯ ನೀರಿನಲ್ಲಿ ಮುಳುಗುತ್ತದೆ. ಒಂದೆರಡು ಗುಟುಕು ಕುಡಿದರೆ ಏನೂ ಆಗುವುದಿಲ್ಲ. ಆದರೆ ಸಸ್ತನಿಗಳ ದೇಹದ ನೀರಿನ ಕಾಲುಭಾಗದಷ್ಟು ಭಾರಜಲವಾದರೆ ಅವುಗಳ ಸಂತಾನಶಕ್ತಿ ಕುಂದುತ್ತದೆ, ಅರ್ಧದಷ್ಟಾದರೆ ಅವು ಬದುಕುವುದಿಲ್ಲ. ಡ್ಯೂಟೀರಿಯಂ ಒಳಗೊಂಡ ಬಂಧಗಳು ಬಿಡುವುದಕ್ಕೂ ಹಿಡಿಯುವುದಕ್ಕೂ ತಡಮಾಡುವುದರಿಂದ ಕೋಶದ ರಾಸಾಯನಿಕ ಕ್ರಿಯೆಗಳ ಲಯ ತಪ್ಪಿ, ಕೋಶವಿಭಜನೆಯೇ ನಿಂತುಹೋಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳನ್ನು ಮಾತ್ರ, ಭಾರಜಲದ ಪಾಲನ್ನು ಹಂತಹಂತವಾಗಿ ಏರಿಸುತ್ತಾ ಹೋಗಿ, ಕೊನೆಗೆ ಶುದ್ಧ ಭಾರಜಲದಲ್ಲೇ ಬೆಳೆಸಲು ಸಾಧ್ಯವಾಗಿದೆ. ಅಲ್ಲಿ ಅವು ಬೆಳೆಯುತ್ತವೆ, ಆದರೆ ಬಹಳ ನಿಧಾನವಾಗಿ.